ಹೆಸರು, ಅಂಕಿ ಮತ್ತು ಖಾಲಿ ಕಲಂ: ಕ್ಷಯೇತರ ಮೈಕೋಬ್ಯಾಕ್ಟೀರಿಯಗಳ ಔಷಧ ಪರೀಕ್ಷೆಯನ್ನು ಕುರಿತು

ಜನಪದ ವೈದ್ಯವನ್ನು ಕುರಿತ ಅಧ್ಯಯನಗಳಲ್ಲಿ ರೋಗನಾಮಗಳ ಸಂಗ್ರಹಕ್ಕೆ ಮೊದಲಿನಿಂದಲೂ ಒಂದು ಸ್ಥಾನವಿದೆ. ಒಂದು ಸಮುದಾಯ ಯಾವ ಬಾಧೆಗೆ ಹೆಸರಿಟ್ಟಿದೆ, ಯಾವುದಕ್ಕೆ ಇಟ್ಟಿಲ್ಲ, ಯಾವುದರ ಹೆಸರನ್ನು ಬಾಯಿಬಿಟ್ಟು ಹೇಳಲು ಹಿಂಜರಿಯುತ್ತದೆ ಎಂಬುದರಿಂದ ಅದರ ಭಯ, ನಂಬಿಕೆ, ನಡವಳಿಕೆಗಳು ತಿಳಿದುಬರುತ್ತವೆ. ಬೆಂಗಳೂರಿನ ಟಿ. ದಾಸರಹಳ್ಳಿ ಹಾಗೂ ಅದರ ಆಸುಪಾಸಿನ ಚೊಕ್ಕಸಂದ್ರ, ಬಾಗಲಗುಂಟೆಗಳ ಬಾಡಿಗೆ ವಠಾರಗಳಲ್ಲಿ ಕೆಮ್ಮು, ಗೂರಲು, ದಮ್ಮುಗಳಿಗೆ ಜನ ಬಳಸುವ ಹೆಸರುಗಳನ್ನು ಸಂಗ್ರಹಿಸುತ್ತಿದ್ದಾಗ ಎದುರಾದ ಒಂದು ಪ್ರಸಂಗ ಪ್ರಸ್ತುತ ಲೇಖನಕ್ಕೆ ಕಾರಣ.

ಪೀಣ್ಯದ ಸಿದ್ಧ ಉಡುಪು ಕಾರ್ಖಾನೆಯೊಂದರಲ್ಲಿ ಹೊಲಿಗೆ ಕೆಲಸ ಮಾಡುತ್ತಿದ್ದ, ತುಮಕೂರು ಜಿಲ್ಲೆಯ ಕಡೆಯಿಂದ ಬಂದು ನೆಲೆಸಿದ, ಐವತ್ತರ ಹತ್ತಿರದ ಮಹಿಳೆಯೊಬ್ಬರು ನನ್ನ ವಕ್ತೃಗಳಲ್ಲಿ ಒಬ್ಬರು. ಕಫದಲ್ಲಿ ಕ್ರಿಮಿ ಕಂಡಿದೆ ಎಂಬ ಕಾರಣಕ್ಕೆ ಅವರು ಎರಡು ಬಾರಿ, ಒಟ್ಟು ಹದಿನಾಲ್ಕು ತಿಂಗಳು, ಕ್ಷಯದ ಮಾತ್ರೆಗಳನ್ನು ನುಂಗಿದ್ದರು. ಕೆಮ್ಮು ಹೋಗಲಿಲ್ಲ. ಕೊನೆಗೆ ಬೇರೊಂದು ಪ್ರಯೋಗಾಲಯಕ್ಕೆ ಕಳುಹಿಸಿದ ಕಫದ ವರದಿಯಲ್ಲಿ ಕ್ಷಯದ ಹೆಸರಿರಲಿಲ್ಲ. ‘ಮೈಕೋಬ್ಯಾಕ್ಟೀರಿಯಂ ಇಂಟ್ರಾಸೆಲ್ಯುಲೇರ್’ ಎಂದಿತ್ತು. ಅದರ ಕೆಳಗೆ ಔಷಧಿಗಳ ಪಟ್ಟಿ, ಪ್ರತಿಯೊಂದರ ಮುಂದೆ ಒಂದು ಅಂಕಿ. ಎರಡು ಔಷಧಿಗಳ ಮುಂದೆ ಮಾತ್ರ ಅಂಕಿಯ ಜೊತೆಗೆ ‘ಎಸ್’ ಎಂಬ ಅಕ್ಷರ. ಉಳಿದ ಔಷಧಿಗಳ ಮುಂದೆ ಅಕ್ಷರದ ಕಲಂ ಖಾಲಿ. ಪ್ಲಾಸ್ಟಿಕ್ ಕವರಿನಲ್ಲಿ ರೇಷನ್ ಕಾರ್ಡಿನ ಜೊತೆ ಇಟ್ಟಿದ್ದ ಆ ವರದಿಯನ್ನು ನನ್ನ ಕೈಗಿತ್ತು ಅವರು ಎರಡು ಪ್ರಶ್ನೆ ಕೇಳಿದರು.

“ಸಾರ್, ಇದು ಟೀಬಿ ಅಲ್ವಂತೆ. ಹಂಗಾದ್ರೆ ಇಷ್ಟು ದಿವ್ಸ ನನ್ನ ತಟ್ಟೆ-ಲೋಟ ಯಾಕೆ ಬೇರೆ ಇಟ್ರು?”

“ಇಲ್ಲಿ ಎರಡು ಔಷಧಿ ಮುಂದೆ ಅಕ್ಷರ ಐತೆ, ಉಳಿದವಕ್ಕೆ ಬರೀ ನಂಬರು. ಬರೆಯೋದು ಮರ್ತ್ರಾ?”

ಮೊದಲನೆಯದು ನನ್ನ ಶಾಸ್ತ್ರಕ್ಕೆ ಸೇರಿದ ಪ್ರಶ್ನೆ, ಎರಡನೆಯದು ಸೂಕ್ಷ್ಮಾಣುವಿಜ್ಞಾನಕ್ಕೆ ಸೇರಿದ್ದು ಎಂದು ನಾನು ಆಗ ಭಾವಿಸಿದ್ದೆ. ಆ ವಿಷಯವನ್ನು ಬಲ್ಲವರಲ್ಲಿ ಕೇಳಿ, ಓದಿ ತಿಳಿದ ಮೇಲೆ ಇವೆರಡೂ ಒಂದೇ ಪ್ರಶ್ನೆಯ ಎರಡು ಮುಖಗಳೆಂಬುದು ಮನವರಿಕೆಯಾಯಿತು. ಹೆಸರು ನಿಶ್ಚಯವಾಗದೆ ಅಂಕಿಗೆ ಅರ್ಥವಿಲ್ಲ. ಹೆಸರು ನಿಶ್ಚಯವಾದ ಮೇಲೂ ಎಲ್ಲ ಅಂಕಿಗಳಿಗೂ ಅರ್ಥವಿರುವುದಿಲ್ಲ.

‘ಅಲ್ಲದ್ದು’ ಎಂಬ ಹೆಸರು

ಮೈಕೋಬ್ಯಾಕ್ಟೀರಿಯಂ ಒಂದು ದೊಡ್ಡ ಕುಲ. ಇದುವರೆಗೆ ವಿವರಿಸಲಾಗಿರುವ ಪ್ರಭೇದಗಳು ಇನ್ನೂರರ ಸುಮಾರು. ಇವುಗಳಲ್ಲಿ ಕುಷ್ಠದ ಸೂಕ್ಷ್ಮಾಣುವನ್ನು ನಾರ್ವೆಯ ಹ್ಯಾನ್ಸನ್ 1873ರಲ್ಲಿ ಗುರುತಿಸಿದನು. ಕ್ಷಯದ ಸೂಕ್ಷ್ಮಾಣುವನ್ನು ರಾಬರ್ಟ್ ಕಾಖ್ 1882ರ ಮಾರ್ಚ್ 24ರಂದು ಬರ್ಲಿನ್ನಿನಲ್ಲಿ ಪ್ರಕಟಪಡಿಸಿದನು. ಈ ಎರಡು ರೋಗಗಳಿಗೂ ಕನ್ನಡದಲ್ಲಿ ಗ್ರಾಂಥಿಕವಾದ ಹಾಗೂ ಆಡುಮಾತಿನ ಹೆಸರುಗಳಿವೆ. ಕುಷ್ಠವನ್ನು ಹೆಸರಿಡಿದು ಹೇಳಲು ಅಂಜಿ ‘ದೊಡ್ಡರೋಗ’ ಎಂದರು. ಕ್ಷಯ, ರಾಜಯಕ್ಷ್ಮ ಎಂಬ ಶಾಸ್ತ್ರದ ಮಾತುಗಳ ಸ್ಥಾನದಲ್ಲಿ ಇಂದು ‘ಟೀಬಿ’ ಎಂಬುದೇ ಮನೆಮಾತು. ಕುತ್ತಿಗೆಯ ಗ್ರಂಥಿಗಳು ಸಾಲಾಗಿ ಊದಿಕೊಳ್ಳುವುದಕ್ಕೆ ‘ಗಂಡಮಾಲೆ’ ಎಂಬ ಚಿತ್ರವತ್ತಾದ ಹೆಸರಿದೆ. ಈ ಬಾಧೆಯ ಯುರೋಪಿನ ಹೆಸರಿನಿಂದಲೇ ‘ಮೈಕೋಬ್ಯಾಕ್ಟೀರಿಯಂ ಸ್ಕ್ರಾಫ್ಯುಲೇಸಿಯಂ’ ಎಂಬ ಪ್ರಭೇದದ ಹೆಸರು ಬಂದಿದೆ.

ಉಳಿದ ನೂರಾರು ಪ್ರಭೇದಗಳನ್ನು ವಿಜ್ಞಾನವೇ ಬಹುಕಾಲ ಹೆಸರಿಲ್ಲದೆ ಬಿಟ್ಟಿತ್ತು. ‘ಅನಾಮಿಕ’ ಎಂದರು, ‘ವಿಲಕ್ಷಣ’ ಎಂದರು. ಈಗ ‘ಕ್ಷಯೇತರ’ ಎನ್ನುತ್ತಾರೆ. ಕ್ಷಯದ್ದೂ ಕುಷ್ಠದ್ದೂ ಅಲ್ಲದ್ದು ಎಂದಷ್ಟೇ ಇದರ ಅರ್ಥ. ನಿಷೇಧದಿಂದ ಹುಟ್ಟಿದ ಹೆಸರು ವರ್ಗೀಕರಣದ ದೃಷ್ಟಿಯಿಂದ ದುರ್ಬಲವಾದದ್ದು. ಒಂದು ವಸ್ತು ಏನಲ್ಲ ಎಂಬುದು ತಿಳಿದ ಮಾತ್ರಕ್ಕೆ ಅದನ್ನು ಏನು ಮಾಡಬೇಕೆಂದು ತಿಳಿಯುವುದಿಲ್ಲ.

ಅಮೆರಿಕದ ಅರ್ನೆಸ್ಟ್ ರನ್ಯನ್ 1950ರ ದಶಕದಲ್ಲಿ ಇವುಗಳನ್ನು ವಿಂಗಡಿಸಿದ ಬಗೆ ಜಾನಪದ ವಿದ್ಯಾರ್ಥಿಗೆ ವಿಶೇಷ ಕುತೂಹಲದ್ದು. ಬೆಳಕು ಬಿದ್ದರೆ ಹಳದಿಯಾಗುವವು, ಕತ್ತಲಲ್ಲೂ ಹಳದಿಯಾಗಿಯೇ ಇರುವವು, ಬಣ್ಣ ಕಟ್ಟದವು, ಏಳು ದಿನಗಳೊಳಗೆ ಬೇಗ ಬೆಳೆಯುವವು ಎಂದು ನಾಲ್ಕು ಗುಂಪು. ಬಣ್ಣ ಮತ್ತು ಬೆಳೆಯುವ ಕಾಲದ ಮೇಲೆ ರಾಗಿ-ಭತ್ತಗಳ ತಳಿಗಳನ್ನು ವಿಂಗಡಿಸುವ ನಮ್ಮ ರೈತರ ಕ್ರಮಕ್ಕೂ ಇದಕ್ಕೂ ಬಹಳ ದೂರವಿಲ್ಲ. ಜೀನುಗಳ ಓದು ಬಂದ ನಂತರ ಈ ವಿಂಗಡಣೆ ಹಿಂದೆ ಸರಿದಿದೆಯಾದರೂ, ಬೇಗ ಬೆಳೆಯುವವು ಮತ್ತು ನಿಧಾನವಾಗಿ ಬೆಳೆಯುವವು ಎಂಬ ಭೇದ ಔಷಧ ಪರೀಕ್ಷೆಯಲ್ಲಿ ಇಂದಿಗೂ ಉಳಿದಿದೆ. ಯಾವ ದ್ರವ, ಎಷ್ಟು ಶಾಖ, ಎಷ್ಟು ದಿನ, ಯಾವ ಔಷಧಿಗಳು ಎಂಬುದೆಲ್ಲ ಅದನ್ನೇ ಅವಲಂಬಿಸಿದೆ.

ಸೂಕ್ಷ್ಮದರ್ಶಕದ ಮಿತಿ

ಕಫವನ್ನು ಗಾಜಿನ ಪಟ್ಟಿಯ ಮೇಲೆ ಸವರಿ, ಕೆಂಪು ಬಣ್ಣ ಹಾಕಿ ಕಾಯಿಸಿ, ಆಮ್ಲದಲ್ಲಿ ತೊಳೆದರೂ ಬಣ್ಣ ಬಿಡದ ಕಡ್ಡಿಯಂತಹ ಕ್ರಿಮಿಗಳನ್ನು ಹುಡುಕುವುದು ಜೀಲ್ ಮತ್ತು ನೀಲ್ಸನ್ನರಿಂದ ಬಂದ, ನೂರ ನಲವತ್ತು ವರ್ಷಗಳಷ್ಟು ಹಳೆಯ ವಿಧಾನ. ಅಗ್ಗದ್ದು, ಬೇಗನೆ ಆಗುವಂಥದ್ದು. ಆದರೆ ಬಣ್ಣ ಬಿಡದಿರುವ ಗುಣ ಇಡೀ ಕುಲಕ್ಕೆ ಸೇರಿದ್ದು. ಕ್ಷಯದ ಕಡ್ಡಿ, ಕ್ಷಯೇತರದ ಕಡ್ಡಿ ಎರಡೂ ಕೆಂಪಾಗಿಯೇ ಕಾಣುತ್ತವೆ. ನಮ್ಮ ದೇಶದಲ್ಲಿ ಕ್ಷಯ ವ್ಯಾಪಕವಾಗಿರುವುದರಿಂದ ಕೆಂಪು ಕಡ್ಡಿ ಕಂಡೊಡನೆ ಕ್ಷಯವೆನ್ನುವುದು ಬಹುತೇಕ ಸರಿಯೇ ಆಗುತ್ತದೆ. ಆ ‘ಬಹುತೇಕ’ದ ಹೊರಗೆ ಉಳಿದವರಲ್ಲಿ ನಮ್ಮ ವಕ್ತೃ ಒಬ್ಬರು.

ದಾಸರಹಳ್ಳಿಯ ಹಿಂದಿನ ‘ಟಿ.’ ಅಕ್ಷರವನ್ನು ಇಲ್ಲಿ ನೆನೆಯಬಹುದು. ಬೆಂಗಳೂರಿನ ಉತ್ತರ ಭಾಗದಲ್ಲೇ ಹೆಬ್ಬಾಳದ ಕಡೆಗೆ ಇನ್ನೊಂದು ದಾಸರಹಳ್ಳಿಯಿದೆ. ತುಮಕೂರು ರಸ್ತೆಯದು ಎಂದು ತಿಳಿಸಲು ‘ಟಿ.’ ಸೇರಿಕೊಂಡಿತೆಂದು ಸ್ಥಳೀಯರು ಹೇಳುತ್ತಾರೆ. ವಿಳಾಸದಲ್ಲಿ ಆ ಒಂದು ಅಕ್ಷರ ಬಿಟ್ಟುಹೋದರೆ ಕಾಗದ ಬೇರೆ ಊರಿಗೆ ಹೋಗುತ್ತದೆ. ಹಾಗೆ ತಪ್ಪಿದ ಕಾಗದ ಹಿಂದಿರುಗಿ ಬರಬಹುದು, ಹದಿನಾಲ್ಕು ತಿಂಗಳು ನುಂಗಿದ ಮಾತ್ರೆ ಬರುವುದಿಲ್ಲ.

ಕ್ಷಯದ ಸೂಕ್ಷ್ಮಾಣುವಿನ ಜೀನನ್ನೇ ಹುಡುಕುವ ಯಂತ್ರಗಳು ಬಂದ ಮೇಲೆ ಪರಿಸ್ಥಿತಿ ಸುಧಾರಿಸಿದೆ. ವಿಶ್ವ ಆರೋಗ್ಯ ಸಂಸ್ಥೆ 2010ರ ಕೊನೆಯಲ್ಲಿ ಅನುಮೋದಿಸಿದ ಜೀನ್‌ಎಕ್ಸ್‌ಪರ್ಟ್ ಪರೀಕ್ಷೆ ನಮ್ಮ ಆಸ್ಪತ್ರೆಗಳಲ್ಲಿ ‘ಸಿಬಿನ್ಯಾಟ್’ ಎಂದು ಪರಿಚಿತ. ಸೂಕ್ಷ್ಮದರ್ಶಕದಲ್ಲಿ ಕಡ್ಡಿಗಳು ಕಂಡು ಸಿಬಿನ್ಯಾಟ್‌ನಲ್ಲಿ ಕ್ಷಯ ಕಾಣದೆ ಹೋದರೆ, ಇದು ಕ್ಷಯೇತರವಿರಬಹುದೆಂಬ ಅನುಮಾನ ಅಲ್ಲಿಂದಲೇ ಆರಂಭವಾಗಬೇಕು. ಅದನ್ನು ಯಂತ್ರದ ತಪ್ಪೆಂದು ಬದಿಗಿಟ್ಟರೆ ಹಳೆಯ ದಾರಿಯೇ ಮುಂದುವರಿಯುತ್ತದೆ.

ನಂತರ ಕಫವನ್ನು ಕಲ್ಚರ್‌ಗೆ ಹಾಕಬೇಕು. ಎಂದರೆ ಆಹಾರ ಕೊಟ್ಟು ಕ್ರಿಮಿಯನ್ನು ಬೆಳೆಸಬೇಕು. ಕೋಳಿಮೊಟ್ಟೆಯಿಂದ ಮಾಡಿ ಹಸಿರು ಬಣ್ಣ ಸೇರಿಸಿದ ಲೋವನ್‌ಸ್ಟೀನ್-ಜೆನ್‌ಸೆನ್ ಘನ ಆಹಾರವೂ ಉಂಟು, ಬೆಳವಣಿಗೆಯನ್ನು ಯಂತ್ರವೇ ಸೂಚಿಸುವ ದ್ರವ ಆಹಾರವೂ ಉಂಟು. ಬೆಳೆದದ್ದು ಕ್ಷಯವೋ ಅಲ್ಲವೋ ಎಂಬುದನ್ನು ಒಂದು ಸಣ್ಣ ಪಟ್ಟಿಯ ಪರೀಕ್ಷೆ ಕೆಲವು ನಿಮಿಷಗಳಲ್ಲಿ ಹೇಳುತ್ತದೆ. ಪ್ಯಾರಾ-ನೈಟ್ರೊಬೆಂಜೊಯಿಕ್ ಆಮ್ಲ ಬೆರೆಸಿದ ಆಹಾರದಲ್ಲಿ ಕ್ಷಯದ್ದು ಬೆಳೆಯುವುದಿಲ್ಲ, ಕ್ಷಯೇತರದ ಹೆಚ್ಚಿನವು ಬೆಳೆಯುತ್ತವೆ ಎಂಬ ಹಳೆಯ ಉಪಾಯವೂ ಇದೆ. ಪ್ರಭೇದದ ನಿಜ ಹೆಸರಿಗೆ ಮಾತ್ರ ಜೀನಿನ ಪರೀಕ್ಷೆ ಅಥವಾ ಪ್ರೋಟೀನುಗಳ ತೂಕ ನೋಡುವ ಯಂತ್ರ ಬೇಕಾಗುತ್ತದೆ.

ನೀರು ಒಗ್ಗಲಿಲ್ಲ

ಕ್ಷಯ ಮನುಷ್ಯನಿಂದ ಮನುಷ್ಯನಿಗೆ ಗಾಳಿಯ ಮೂಲಕ ಬರುತ್ತದೆ. ಕ್ಷಯೇತರಗಳ ಮನೆ ಮಣ್ಣು ಮತ್ತು ನೀರು. ಕೊಳಾಯಿಯ ಒಳಮೈಯ ಲೋಳೆಯಲ್ಲಿ ಇವು ನೆಲೆಸುತ್ತವೆ. ಸಾಮಾನ್ಯ ಪ್ರಮಾಣದ ಕ್ಲೋರಿನ್ನಿಗೆ ಸುಲಭವಾಗಿ ಸಾಯುವುದಿಲ್ಲ. ಒಬ್ಬರಿಂದ ಇನ್ನೊಬ್ಬರಿಗೆ ಹರಡುವುದು ಸಾಮಾನ್ಯವಾಗಿ ಕಂಡುಬಂದಿಲ್ಲ. ‘ಮೈಕೋಬ್ಯಾಕ್ಟೀರಿಯಂ ಅಬ್ಸೆಸಸ್’ ಎಂಬ ಪ್ರಭೇದದ ಬಗೆಗೆ, ಸಿಸ್ಟಿಕ್ ಫೈಬ್ರೋಸಿಸ್ ಎಂಬ ಆನುವಂಶಿಕ ಕಾಯಿಲೆಯುಳ್ಳವರ ನಡುವೆ ಮಾತ್ರ, ಅಂತಹ ಸಂದೇಹವಿದೆ. ನಮ್ಮ ವಕ್ತೃವಿನ ಮೊದಲ ಪ್ರಶ್ನೆಗೆ ಉತ್ತರ ಇದೇ: ತಟ್ಟೆ-ಲೋಟ ಬೇರೆ ಇಡಬೇಕಾಗಿರಲಿಲ್ಲ. ಕ್ಷಯದವರಿಗೂ ತಟ್ಟೆ ಬೇರೆ ಇಡುವುದರಿಂದ ಪ್ರಯೋಜನವಿಲ್ಲ, ಅದು ಹರಡುವುದು ಕೆಮ್ಮಿನ ಗಾಳಿಯಿಂದ. ಆದರೆ ಮನೆಯವರು ತಟ್ಟೆ ಬೇರೆ ಇಟ್ಟದ್ದು ಕ್ರಿಮಿಗೆ ಅಂಜಿ ಅಲ್ಲ, ಹೆಸರಿಗೆ ಅಂಜಿ.

ಪೀಣ್ಯ ಕೈಗಾರಿಕಾ ಪ್ರದೇಶಕ್ಕೆ ಕೆಲಸಕ್ಕೆಂದು ಬಂದವರು ಆರೋಗ್ಯ ಕೆಟ್ಟಾಗ ಮೊದಲು ಹೇಳುವ ಮಾತು ‘ಇಲ್ಲಿಯ ನೀರು ಒಗ್ಗಲಿಲ್ಲ’ ಎಂಬುದು. ಕೊಳವೆಬಾವಿ, ಟ್ಯಾಂಕರ್, ಸಂಪು, ಮಾಳಿಗೆಯ ಮೇಲಿನ ತೊಟ್ಟಿ ಹೀಗೆ ನೀರು ಹಲವು ಕೈ ದಾಟಿ ಬರುವ ವಠಾರಗಳಲ್ಲಿ ಈ ಮಾತು ದಿನವೂ ಕೇಳಿಬರುತ್ತದೆ. ಇದನ್ನು ಹಿಡಿದುಕೊಂಡು, ನೀರಿನಲ್ಲಿರುವ ಮೈಕೋಬ್ಯಾಕ್ಟೀರಿಯ ನಮ್ಮ ಜನಪದರಿಗೆ ಮೊದಲೇ ತಿಳಿದಿತ್ತು ಎಂದು ಬರೆಯುವವರಿದ್ದಾರೆ. ಅದು ಜಾನಪದಕ್ಕೂ ವಿಜ್ಞಾನಕ್ಕೂ ಸಲ್ಲದ ಮಾತು. ‘ಒಗ್ಗುವುದು’ ಎಂಬುದು ಊರು, ಮನೆ, ಉಣಿಸು, ಒಡನಾಟ ಎಲ್ಲವನ್ನೂ ಒಳಗೊಂಡ ಪರಿಕಲ್ಪನೆ. ಅದಕ್ಕೆ ಒಂದು ಕ್ರಿಮಿಯನ್ನು ಹೊಂದಿಸುವುದು ಅದನ್ನು ಕುಗ್ಗಿಸಿದಂತೆ.

ಕ್ಷಯೇತರಗಳು ಪರಿಸರದಲ್ಲಿ ಎಷ್ಟು ವ್ಯಾಪಕ ಎಂಬುದು ದಕ್ಷಿಣ ಭಾರತದಲ್ಲಿ ಬೇರೊಂದು ದಾರಿಯಿಂದ ತಿಳಿದುಬಂದಿತು. ಬೆಂಗಳೂರಿನ ಬಳ್ಳಾರಿ ರಸ್ತೆಯ ‘ಅವಲಾನ್’ ಕಟ್ಟಡದಲ್ಲಿ 1959ರಲ್ಲಿ ಸ್ಥಾಪಿತವಾಗಿ, ಮರುವರ್ಷ ಪ್ರಧಾನಿ ನೆಹರೂ ಅವರಿಂದ ಉದ್ಘಾಟಿತವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು ತನ್ನ ಮೊದಲ ದೊಡ್ಡ ಸಮೀಕ್ಷೆಯನ್ನು ನಡೆಸಿದ್ದು ತುಮಕೂರು ಜಿಲ್ಲೆಯಲ್ಲಿ, ಟಿ. ದಾಸರಹಳ್ಳಿಯನ್ನು ಹಾದುಹೋಗುವ ರಸ್ತೆಯೇ ಅಲ್ಲಿಗೂ ದಾರಿ. ಅದರ ಜೊತೆಗೆ ದೇವಬರ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಅವರು ಅಲ್ಲಿಯ ಜನರಲ್ಲಿ ನಡೆಸಿ 1963ರಲ್ಲಿ ಪ್ರಕಟಿಸಿದ ಸಾಮಾಜಿಕ ಅಧ್ಯಯನ ನಮ್ಮಂಥವರು ಓದಲೇಬೇಕಾದದ್ದು. ಹಳ್ಳಿಯವರಿಗೆ ರೋಗದ ಅರಿವಿಲ್ಲ ಎಂಬ ಅಂದಿನ ನಂಬಿಕೆಗೆ ವಿರುದ್ಧವಾಗಿ, ರೋಗಿಗಳಲ್ಲಿ ಹೆಚ್ಚಿನವರು ತಮ್ಮ ಲಕ್ಷಣಗಳನ್ನು ಬಲ್ಲವರಾಗಿದ್ದರು. ಸುಮಾರು ಅರ್ಧದಷ್ಟು ಮಂದಿ ಆಗಲೇ ಚಿಕಿತ್ಸೆ ಅರಸಿ ಹೋಗಿದ್ದರು. ಕೊರತೆಯಿದ್ದದ್ದು ಅವರು ತಲುಪಿದ ಕಡೆಯಲ್ಲಿ. ಅರವತ್ತು ವರ್ಷಗಳ ನಂತರ ನಮ್ಮ ವಕ್ತೃವಿನ ವಿಷಯದಲ್ಲೂ ಕೊರತೆಯ ಜಾಗ ಅದೇ.

ತಮಿಳುನಾಡಿನ ಚೆಂಗಲ್ಪಟ್ಟಿನಲ್ಲಿ 1968ರಲ್ಲಿ ಆರಂಭವಾದ ಬಿಸಿಜಿ ಲಸಿಕೆಯ ಬೃಹತ್ ಪ್ರಯೋಗದಲ್ಲಿ ಶ್ವಾಸಕೋಶದ ಕ್ಷಯಕ್ಕೆ ಲಸಿಕೆಯಿಂದ ರಕ್ಷಣೆ ಕಾಣಲಿಲ್ಲವೆಂದು 1979ರ ಹೊತ್ತಿಗೆ ಪ್ರಕಟವಾದಾಗ, ಕಾರಣ ಹುಡುಕಿದವರು ಸೂಚಿಸಿದ ವಿವರಣೆಗಳಲ್ಲಿ ಒಂದು ಇದು: ಅಲ್ಲಿಯ ಜನ ಚಿಕ್ಕಂದಿನಿಂದಲೇ ಪರಿಸರದ ಮೈಕೋಬ್ಯಾಕ್ಟೀರಿಯಗಳ ಸಂಪರ್ಕದಲ್ಲಿದ್ದರು. ಆ ಪ್ರದೇಶದ ಮಣ್ಣು, ನೀರುಗಳಿಂದ ಇವುಗಳನ್ನು ಬೆಳೆಸಿ ಗುರುತಿಸಿದ ಕೆಲಸ 1990ರ ದಶಕದಲ್ಲಿ ಪ್ರಕಟವಾಗಿದೆ.

ಪರಿಸರದಲ್ಲಿ ಎಲ್ಲೆಲ್ಲೂ ಇರುವ ಕ್ರಿಮಿ ಕಫದಲ್ಲಿ ಒಮ್ಮೆ ಸಿಕ್ಕಿತೆಂದರೆ ಅದು ರೋಗವೇ ಆಗಬೇಕಿಲ್ಲ. ಕಫ ಕೊಡುವ ಮುನ್ನ ಕೊಳಾಯಿ ನೀರಿನಲ್ಲಿ ಬಾಯಿ ಮುಕ್ಕಳಿಸಿದರೂ ನೀರಿನ ‘ಗಾರ್ಡೊನೆ’ ಎಂಬ ಪ್ರಭೇದ ಸೇರಿಕೊಳ್ಳಬಹುದು. ಆದುದರಿಂದ ಬೇರೆ ಬೇರೆ ದಿನ ಕೊಟ್ಟ ಕನಿಷ್ಠ ಎರಡು ಕಫಗಳಲ್ಲಿ ಅದೇ ಪ್ರಭೇದ ಬೆಳೆಯಬೇಕು, ಲಕ್ಷಣಗಳಿರಬೇಕು, ಎಕ್ಸ್-ರೇ ಅಥವಾ ಸ್ಕ್ಯಾನಿನಲ್ಲಿ ಅದಕ್ಕೆ ತಕ್ಕ ಗುರುತುಗಳಿರಬೇಕು ಎಂಬುದು ಅಮೆರಿಕದ ತಜ್ಞಸಂಘಗಳು 2007ರಲ್ಲಿ ನಿಗದಿಪಡಿಸಿ ಇಂದಿಗೂ ಪಾಲಿಸಲಾಗುತ್ತಿರುವ ನಿಯಮ. ನೀರಿನಿಂದ ಬಂದು ಸೇರಿಕೊಂಡ ಕ್ರಿಮಿಗೆ ಔಷಧ ಪರೀಕ್ಷೆ ಮಾಡಿದರೆ ಅಂಕಿಗಳು ಬರುತ್ತವೆ. ಆದರೆ ಅವು ರೋಗಿಯ ಅಂಕಿಗಳಲ್ಲ, ಕೊಳಾಯಿಯವು.

ಗುಳಿಗಳ ತಟ್ಟೆ

ಕ್ಷಯದ ಔಷಧ ಪರೀಕ್ಷೆಗೆ ಬಹುಕಾಲ ಬಳಕೆಯಲ್ಲಿದ್ದದ್ದು ಅನುಪಾತ ವಿಧಾನ. ಔಷಧಿ ಬೆರೆಸಿದ ಆಹಾರದಲ್ಲಿ ನೂರಕ್ಕೆ ಒಂದರಷ್ಟು ಅಥವಾ ಅದಕ್ಕಿಂತ ಹೆಚ್ಚು ಕ್ರಿಮಿಗಳು ಬೆಳೆದರೆ ಆ ಔಷಧಿ ನಾಟುವುದಿಲ್ಲವೆಂದು ತೀರ್ಮಾನ. ಬೆರೆಸುವ ಪ್ರಮಾಣ, ಉದಾಹರಣೆಗೆ ಮೊಟ್ಟೆಯ ಆಹಾರದಲ್ಲಿ ಮಿಲಿಲೀಟರಿಗೆ ಐಸೊನಿಯಾಜಿಡ್ 0.2, ರಿಫಾಂಪಿಸಿನ್ 40 ಮೈಕ್ರೊಗ್ರಾಂ, ಕ್ಷಯದ ಸೂಕ್ಷ್ಮಾಣುವಿಗಾಗಿಯೇ ಗೊತ್ತುಪಡಿಸಿದ್ದು. ಅದೇ ಅಳತೆಗೋಲನ್ನು ಕ್ಷಯೇತರಕ್ಕೆ ಹಿಡಿದರೆ ಹೆಚ್ಚಿನವು ಹಲವು ಔಷಧಿಗಳಿಗೆ ಮಣಿಯದವೆಂದೇ ಕಾಣುತ್ತವೆ. ಪ್ರಭೇದದ ಹೆಸರು ಕೇಳದೆ ಈ ಫಲಿತಾಂಶವನ್ನು ಓದಿದವರು ‘ಬಹುಔಷಧ ನಿರೋಧಿ ಕ್ಷಯ’ ಎಂದು ಬರೆಯುವ ಅಪಾಯವಿದೆ. ಆಗ ರೋಗಿ ಇನ್ನೂ ಕಠಿಣವಾದ, ಇನ್ನೂ ದೀರ್ಘವಾದ ತಪ್ಪು ಚಿಕಿತ್ಸೆಗೆ ಗುರಿಯಾಗುತ್ತಾನೆ.

ಕ್ಷಯೇತರಗಳಿಗೆ ಈಗ ಶಿಫಾರಸಾಗಿರುವುದು ದ್ರವದಲ್ಲಿ ಕನಿಷ್ಠ ಪ್ರತಿಬಂಧಕ ಸಾಂದ್ರತೆಯನ್ನು ಅಳೆಯುವ ವಿಧಾನ. ಪ್ರಯೋಗಾಲಯದವರ ಮಾತಿನಲ್ಲಿ ‘ಎಂಐಸಿ’. ಅಮೆರಿಕದ ಪ್ರಯೋಗಾಲಯ ಮಾನದಂಡ ಸಂಸ್ಥೆ 2003ರಲ್ಲಿ ಇದರ ಕ್ರಮವನ್ನು ಮೊದಲು ಪ್ರಕಟಿಸಿ, 2011ರಲ್ಲೂ 2018ರಲ್ಲೂ ಪರಿಷ್ಕರಿಸಿತು. ಅಂಗೈಯಷ್ಟು ಅಗಲದ ಪ್ಲಾಸ್ಟಿಕ್ ತಟ್ಟೆಯಲ್ಲಿ ಎಂಟು ಸಾಲು, ಸಾಲಿಗೆ ಹನ್ನೆರಡರಂತೆ 96 ಗುಳಿಗಳು. ನೋಡಲು ಅಳಗುಳಿಮಣೆಯ ನೆನಪಾಗುತ್ತದೆ. ಒಂದು ಔಷಧಿಗೆ ಗೊತ್ತಾದ ಗುಳಿಗಳಲ್ಲಿ ಸಾಂದ್ರತೆ ಮಿಲಿಲೀಟರಿಗೆ 64 ಮೈಕ್ರೊಗ್ರಾಂ, 32, 16, 8, 4, 2, 1 ಎಂದು ಅರ್ಧಕ್ಕರ್ಧ ಇಳಿಯುತ್ತ ಹೋಗುತ್ತದೆ. ಪ್ರತಿ ಗುಳಿಗೂ ಒಂದೇ ಪ್ರಮಾಣದ ಕ್ರಿಮಿ, ಮಿಲಿಲೀಟರಿಗೆ ಒಂದರಿಂದ ಐದು ಲಕ್ಷ. ಔಷಧಿಯೇ ಇಲ್ಲದ ಒಂದು ಗುಳಿಯೂ ಇರಬೇಕು. ಅಲ್ಲಿ ಕ್ರಿಮಿ ಚೆನ್ನಾಗಿ ಬೆಳೆಯದಿದ್ದರೆ ಇಡೀ ತಟ್ಟೆಯನ್ನು ಕೈಬಿಡಬೇಕು. ದಿನಗಳು ಕಳೆದ ಮೇಲೆ, ಬೆಳವಣಿಗೆ ಕಾಣದ ಗುಳಿಗಳಲ್ಲಿ ಎಲ್ಲಕ್ಕಿಂತ ಕಡಿಮೆ ಔಷಧಿಯಿರುವ ಗುಳಿ ಯಾವುದೋ ಆ ಅಂಕಿಯೇ ಎಂಐಸಿ.

ಹೇಳುವುದಕ್ಕೆ ಸರಳವಾದರೂ ಇದರಲ್ಲಿ ಕೈತಪ್ಪುವ ಜಾಗಗಳು ಹಲವು. ಈ ಕ್ರಿಮಿಗಳ ಮೈಮೇಲೆ ಮೇಣದಂತಹ ಕೊಬ್ಬು ಇರುವುದರಿಂದ ಅವು ಗಂಟುಗಂಟಾಗಿ ಅಂಟಿಕೊಳ್ಳುತ್ತವೆ, ಸಮನಾಗಿ ಹಂಚುವುದು ಕಷ್ಟ. ಕ್ರಿಮಿ ಹೆಚ್ಚಾಗಿ ಬಿದ್ದರೆ, ದಿನ ಹೆಚ್ಚಾದರೆ, ಅಂಕಿ ಮೇಲೇರುತ್ತದೆ. ಕ್ಲಾರಿತ್ರೊಮೈಸಿನ್ ಹುಳಿಯಾದ ದ್ರವದಲ್ಲಿ ತನ್ನ ಶಕ್ತಿ ಕಳೆದುಕೊಳ್ಳುವುದರಿಂದ ದ್ರವದ ಪಿಎಚ್ 7.3ರಿಂದ 7.4ರ ನಡುವೆಯೇ ಇರಬೇಕು. ಇಮಿಪೆನೆಮ್ ದಿನ ಕಳೆದಂತೆ ದ್ರವದಲ್ಲಿ ತಾನೇ ಕೆಟ್ಟುಹೋಗುತ್ತದೆ. ಎಲ್ಲವನ್ನೂ ಸರಿಯಾಗಿ ಮಾಡಿದರೂ ಒಂದೇ ಕ್ರಿಮಿಯನ್ನು ಎರಡು ಬಾರಿ ಪರೀಕ್ಷಿಸಿದಾಗ ಒಂದು ಗುಳಿಯಷ್ಟು ಆಚೀಚೆ ಆಗುವುದು ಸಹಜವೆಂದು ಒಪ್ಪಲಾಗಿದೆ. ಮೊದಲ ವರದಿಯಲ್ಲಿ 4, ಎರಡನೆಯದರಲ್ಲಿ 8 ಎಂದಿದ್ದರೆ ಕ್ರಿಮಿ ಬಲಿಯಿತೆಂದು ಗಾಬರಿಯಾಗಬೇಕಿಲ್ಲ.

ಅಕ್ಷರ ಎಲ್ಲಿಂದ ಬರುತ್ತದೆ

ಅಂಕಿ ಬರುವುದು ಗುಳಿಯಿಂದ. ಅಕ್ಷರ ಬರುವುದು ರೋಗಿಗಳಿಂದ. ಇಂತಿಷ್ಟು ಅಂಕಿಯ ಕ್ರಿಮಿಯುಳ್ಳವರು ಆ ಔಷಧಿಯಿಂದ ಗುಣವಾದರೇ, ಇಂತಿಷ್ಟು ದಾಟಿದವರಲ್ಲಿ ಔಷಧಿ ಸೋತಿತೇ ಎಂಬುದನ್ನು ಆಸ್ಪತ್ರೆಗಳಲ್ಲಿ ನೋಡಿ, ಎರಡಕ್ಕೂ ನಡುವೆ ಗೆರೆ ಎಳೆಯುತ್ತಾರೆ. ಗೆರೆಯ ಈಚೆಗೆ ‘ಎಸ್’, ಔಷಧಿ ನಾಟುತ್ತದೆ, ಆಚೆಗೆ ‘ಆರ್’, ನಾಟುವುದಿಲ್ಲ, ನಡುವೆ ‘ಐ’. ಗೆರೆ ಎಳೆಯುವಷ್ಟು ಆಧಾರವಿಲ್ಲದಿದ್ದರೆ ಅಕ್ಷರ ಬರೆಯಬಾರದು.

ನಮ್ಮ ವಕ್ತೃವಿನ ಕ್ರಿಮಿ ಸೇರಿದ ಗುಂಪಿಗೆ, ಎಂದರೆ ಏವಿಯಂ ಸಮೂಹಕ್ಕೆ, ಅಂತಹ ಗಟ್ಟಿ ಆಧಾರವಿರುವುದು ಮುಖ್ಯವಾಗಿ ಎರಡು ಔಷಧಿಗಳಿಗೆ. ಕ್ಲಾರಿತ್ರೊಮೈಸಿನ್ 8 ಅಥವಾ ಅದಕ್ಕಿಂತ ಕಡಿಮೆಯಾದರೆ ‘ಎಸ್’, 32 ಅಥವಾ ಹೆಚ್ಚಾದರೆ ‘ಆರ್’. ರೋಗಿಗೆ ಕೊಡುವುದು ಬಹುಮಟ್ಟಿಗೆ ಅಜಿತ್ರೊಮೈಸಿನ್ ಆದರೂ ಅದು ಪರೀಕ್ಷೆಯ ದ್ರವದಲ್ಲಿ ಬೇಕಾದಷ್ಟು ಕರಗದ ಕಾರಣ ಅದೇ ಜಾತಿಯ ಕ್ಲಾರಿತ್ರೊಮೈಸಿನ್ ಅದರ ಪರವಾಗಿ ನಿಲ್ಲುತ್ತದೆ. ಎರಡನೆಯದು ಅಮಿಕಾಸಿನ್: ರಕ್ತನಾಳಕ್ಕೆ ಕೊಡುವುದಾದರೆ 16ರವರೆಗೆ ‘ಎಸ್’, 64ರಿಂದ ‘ಆರ್’. ಉಸಿರಿನ ಮೂಲಕ ಕೊಡುವ, ಕೊಬ್ಬಿನ ಕಣಗಳಲ್ಲಿ ಅಡಗಿಸಿದ ಅಮಿಕಾಸಿನ್ನಿಗೆ ಗೆರೆ ಬೇರೆ: 64ರವರೆಗೆ ‘ಎಸ್’. ಔಷಧಿ ಒಂದೇ, ದಾರಿ ಬದಲಾದರೆ ಗೆರೆಯೂ ಬದಲಾಗುತ್ತದೆ. ಗೆರೆ ಎಂಬುದು ಕ್ರಿಮಿಯ ಗುಣವಷ್ಟೇ ಅಲ್ಲ, ಚಿಕಿತ್ಸೆಯ ಗುಣವೂ ಹೌದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ರಿಫಾಂಪಿಸಿನ್, ಎಥಾಂಬುಟಾಲ್‌ಗಳ ಅಂಕಿಗೂ ಈ ಗುಂಪಿನ ರೋಗಿ ಗುಣವಾಗುವುದಕ್ಕೂ ಸಂಬಂಧ ಸ್ಥಾಪಿತವಾಗಿಲ್ಲ. ಅಂಕಿ ಕಡಿಮೆಯಿದ್ದವರಲ್ಲಿ ಚಿಕಿತ್ಸೆ ಸೋತದ್ದೂ, ಹೆಚ್ಚಿದ್ದವರು ಗುಣವಾದದ್ದೂ ಉಂಟು. ಇದಕ್ಕೆ ಹೇಳುವ ಕಾರಣಗಳು ಒಂದಕ್ಕಿಂತ ಹೆಚ್ಚು: ಗುಳಿಯಲ್ಲಿ ಕ್ರಿಮಿ ದ್ರವದಲ್ಲಿ ತೇಲುತ್ತಿರುತ್ತದೆ, ದೇಹದಲ್ಲಿ ಜೀವಕೋಶದೊಳಗೂ ಲೋಳೆಯ ಪದರದಲ್ಲೂ ಅಡಗಿರುತ್ತದೆ, ಗುಳಿಯಲ್ಲಿ ಔಷಧಿ ಒಂಟಿ, ದೇಹದಲ್ಲಿ ಜೊತೆಗಾರ. ಈ ಎರಡು ಔಷಧಿಗಳನ್ನು ಅಜಿತ್ರೊಮೈಸಿನ್ನಿನ ಜೊತೆಗೆ ಕೊಡುವುದರ ಉದ್ದೇಶಗಳಲ್ಲಿ ಮುಖ್ಯವಾದದ್ದು ಅದು ಸೋಲದಂತೆ ಕಾಯುವುದು. ಅಜಿತ್ರೊಮೈಸಿನ್ ಒಂದನ್ನೇ ಕೊಟ್ಟರೆ ಕ್ರಿಮಿ ಅದಕ್ಕೆ ಮಣಿಯದಂತಾಗುತ್ತದೆ. ಒಮ್ಮೆ ಹಾಗಾದರೆ ಉಳಿಯುವ ದಾರಿಗಳು ಬಹಳ ಕಡಿಮೆ. ನೆಗಡಿಗೂ ಗಂಟಲು ನೋವಿಗೂ ಔಷಧಿ ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುವ ಮಾತ್ರೆ ಇದೇ ಎಂಬುದನ್ನು ಇಲ್ಲಿ ಗಮನಿಸಬೇಕು.

ಅಂದರೆ ಖಾಲಿ ಕಲಂ ಬರೆಯುವವರ ಮರೆವಲ್ಲ. ತಿಳಿಯದ್ದನ್ನು ತಿಳಿಯದು ಎಂದು ಬಿಟ್ಟ ಜಾಗ ಅದು. ಎಲ್ಲ ಔಷಧಿಗಳ ಮುಂದೂ ಅಕ್ಷರ ತುಂಬಿ ಕೊಡುವ ವರದಿಗಳನ್ನೂ ನಾನು ಈ ಕ್ಷೇತ್ರಕಾರ್ಯದಲ್ಲಿ ಕಂಡಿದ್ದೇನೆ. ನೋಡಲು ಅವೇ ಪೂರ್ಣವೆನಿಸುತ್ತವೆ. ರೋಗಿಗಳೂ ಅವನ್ನೇ ನಂಬುತ್ತಾರೆ. ಅಂತಹ ವರದಿಯಲ್ಲಿ ರಿಫಾಂಪಿಸಿನ್ ಮುಂದೆ ‘ಆರ್’ ಎಂದು ಕಂಡು ಅದನ್ನು ನಿಲ್ಲಿಸಿದರೆ, ಅಜಿತ್ರೊಮೈಸಿನ್ನಿನ ಕಾವಲು ಸಡಿಲವಾಗುತ್ತದೆ. ಪ್ರಭೇದ ‘ಕಾನ್ಸಾಸಿ’ ಆಗಿದ್ದರೆ ಮಾತು ಬೇರೆ. ಅಲ್ಲಿ ರಿಫಾಂಪಿಸಿನ್ ಚಿಕಿತ್ಸೆಯ ಬೆನ್ನೆಲುಬು; ಅದರ ಅಂಕಿ 2 ಅಥವಾ ಹೆಚ್ಚಾದರೆ ‘ಆರ್’ ಎಂದು ಬರೆಯುವುದು ಅಗತ್ಯ. ಒಂದೇ ಔಷಧಿಯ ಒಂದೇ ಅಂಕಿಗೆ ಒಂದು ಪ್ರಭೇದದಲ್ಲಿ ಅರ್ಥವಿದೆ, ಇನ್ನೊಂದರಲ್ಲಿ ಇಲ್ಲ.

ನಂಜು ಮತ್ತು ಹದಿನಾಲ್ಕು ದಿನ

ಬೇಗ ಬೆಳೆಯುವ ಗುಂಪಿನ ಕಥೆ ಇನ್ನೊಂದು ಬಗೆಯದು. ಉದರದರ್ಶಕ ಶಸ್ತ್ರಚಿಕಿತ್ಸೆಯ ಸಣ್ಣ ರಂಧ್ರಗಳು ಒಣಗಿ, ಕೆಲವು ವಾರಗಳ ನಂತರ ಅಲ್ಲೇ ಗಂಟು ಕಟ್ಟಿ ಕೀವು ಒಸರುವುದು, ಚುಚ್ಚುಮದ್ದಿನ ಜಾಗ ಗಡ್ಡೆಯಾಗುವುದು ನಮ್ಮ ದೇಶದ ವೈದ್ಯಕೀಯ ಪತ್ರಿಕೆಗಳಲ್ಲಿ ಹಲವು ಕಡೆಯಿಂದ ವರದಿಯಾಗಿದೆ. ಫಾರ್ಚುಯಿಟಂ, ಕೆಲೋನೆ, ಅಬ್ಸೆಸಸ್ ಎಂಬ ಪ್ರಭೇದಗಳು ಇದಕ್ಕೆ ಕಾರಣ. ಉಪಕರಣಗಳ ಶುದ್ಧೀಕರಣ ಸಾಲದಿರುವುದು, ಶುದ್ಧಿಮಾಡಿದ ಮೇಲೆ ಕೊಳಾಯಿ ನೀರಿನಲ್ಲಿ ತೊಳೆಯುವುದು ಇವು ಬರುವ ದಾರಿ. ಮನೆಗಳಲ್ಲಿ ಇದಕ್ಕೆ ‘ನಂಜು’ ಎನ್ನುತ್ತಾರೆ. ಬದನೆ, ಕುಂಬಳದಂತಹ ನಂಜಿನ ಪದಾರ್ಥ ತಿಂದು ಪಥ್ಯ ಕೆಡಿಸಿಕೊಂಡರೆಂದು ರೋಗಿಯನ್ನೇ, ಬಹಳ ಸಲ ಸೊಸೆಯನ್ನೇ, ದೂರುತ್ತಾರೆ. ನಂಜು ಎಂಬ ಪರಿಕಲ್ಪನೆಯ ಬಗೆಗೆ ಗೌರವದಿಂದಲೇ ಬರೆಯುತ್ತ ಬಂದವನು ನಾನು. ಆದರೆ ತೊಳೆದ ನೀರಿನ ತಪ್ಪನ್ನು ತಿಂದ ಬದನೆಕಾಯಿಗೆ ಹೊರಿಸುವಾಗ ಆ ಪರಿಕಲ್ಪನೆ ಯಾರನ್ನು ಕಾಪಾಡುತ್ತದೆ ಎಂದು ಕೇಳಲೇಬೇಕಾಗುತ್ತದೆ.

ಈ ಗುಂಪಿನ ತಟ್ಟೆಗಳನ್ನು ಸುಮಾರು 30 ಡಿಗ್ರಿ ಶಾಖದಲ್ಲಿಟ್ಟು ಮೂರರಿಂದ ಐದು ದಿನಗಳಲ್ಲಿ ಓದುತ್ತಾರೆ. ಆದರೆ ಕ್ಲಾರಿತ್ರೊಮೈಸಿನ್ ಸಾಲನ್ನು ಅಷ್ಟಕ್ಕೇ ಬಿಡುವಂತಿಲ್ಲ. ಅಬ್ಸೆಸಸ್ ಪ್ರಭೇದದ ಹಲವು ತಳಿಗಳಲ್ಲಿ ‘ಇಆರ್‌ಎಂ-41’ ಎಂಬ ಜೀನಿದೆ. ಔಷಧಿಯ ಸಂಪರ್ಕವಾದ ಮೇಲೆ ಅದು ನಿಧಾನವಾಗಿ ಎಚ್ಚೆತ್ತು, ಔಷಧಿ ಹಿಡಿಯುವ ಜಾಗವನ್ನೇ ಮಾರ್ಪಡಿಸುತ್ತದೆ. ಮೂರನೆಯ ದಿನ ಅಂಕಿ 2 ಅಥವಾ ಕಡಿಮೆಯಿದ್ದು ‘ಎಸ್’ ಎಂದು ಕಂಡದ್ದು ಹದಿನಾಲ್ಕನೆಯ ದಿನ 8ನ್ನು ದಾಟಿ ‘ಆರ್’ ಆಗಿರುತ್ತದೆ. ಆದುದರಿಂದ ಹದಿನಾಲ್ಕು ದಿನ ಕಾಯಬೇಕು, ಅಥವಾ ಆ ಜೀನನ್ನು ಓದಬೇಕು. ಅದೇ ಅಬ್ಸೆಸಸ್‌ನ ‘ಮ್ಯಾಸಿಲಿಯೆನ್ಸೆ’ ಎಂಬ ಉಪಪ್ರಭೇದದಲ್ಲಿ ಈ ಜೀನು ಮುರಿದುಹೋಗಿದೆ. ಅಲ್ಲಿ ಕ್ಲಾರಿತ್ರೊಮೈಸಿನ್ ಸಾಮಾನ್ಯವಾಗಿ ನಾಟುತ್ತದೆ. ಹೆಸರಿನ ಕೊನೆಯ ಪದದವರೆಗೆ ಹೋಗದೆ ಇಲ್ಲಿ ಚಿಕಿತ್ಸೆಯೇ ಇಲ್ಲ. ‘ರಿಪೋರ್ಟ್ ಯಾಕೆ ಇಷ್ಟು ತಡ’ ಎಂದು ಪ್ರಯೋಗಾಲಯದ ಕಿಟಕಿಯ ಮುಂದೆ ನಿಂತವರಿಗೆ ಇದನ್ನು ಕನ್ನಡದಲ್ಲಿ ತಿಳಿಸಿ ಹೇಳುವವರು ಇರಬೇಕಿತ್ತು. ನಾನು ಕಂಡಲ್ಲೆಲ್ಲೂ ಇರಲಿಲ್ಲ.

ಹೆಸರು ಬದಲಾದ ಮೇಲೆ

ನಮ್ಮ ವಕ್ತೃವಿನ ಮನೆಯಲ್ಲಿ ಹೆಸರಿನ ಬದಲಾವಣೆಯಿಂದ ಆದದ್ದು ನಿರಾಳವೊಂದೇ ಅಲ್ಲ. ಕ್ಷಯವೆಂದು ದಾಖಲಾದವರಿಗೆ ಸರ್ಕಾರದ ಔಷಧಿ ಉಚಿತ. 2018ರಿಂದ ಪೌಷ್ಟಿಕ ಆಹಾರಕ್ಕೆ ತಿಂಗಳಿಗಿಷ್ಟು ಹಣವೂ ಉಂಟು. ‘ಅಲ್ಲದ್ದು’ ಎಂಬ ರೋಗಕ್ಕೆ ಅವೆರಡೂ ಇಲ್ಲ. ಕಳಂಕ ಹೊತ್ತ ಹೆಸರಿಗೆ ಸವಲತ್ತಿತ್ತು, ಕಳಂಕವಿಲ್ಲದ ಹೆಸರಿಗೆ ಕೈಯಿಂದ ಖರ್ಚು. ಅತ್ತೆಯವರಂತೂ ವರದಿಯನ್ನು ನಂಬಲಿಲ್ಲ. “ಹೆಸರು ಗೊತ್ತಿಲ್ದಿರೋ ಕಾಯ್ಲೆ ಅಂದ್ರೆ ಇನ್ನೂ ಕೆಟ್ಟದ್ದೇ ಇರ್ಬೇಕಲ್ವಾ?” ಎಂದು ಅವರು ನನ್ನನ್ನು ಕೇಳಿದರು. ಜನಪದ ರೋಗನಾಮಗಳನ್ನು ಇಪ್ಪತ್ತು ವರ್ಷಗಳಿಂದ ಸಂಗ್ರಹಿಸುತ್ತಿರುವ ನನಗೆ ಆ ತರ್ಕ ಅಪರಿಚಿತವೇನಲ್ಲ. ಆದರೆ ಅವರಿಗೆ ಕೊಡಲು ಒಂದು ಕನ್ನಡ ಹೆಸರು ನನ್ನ ಬಳಿಯೂ ಇರಲಿಲ್ಲ. ‘ನೀರಿನ ಕ್ರಿಮಿ, ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ’ ಎಂದಷ್ಟೇ ಹೇಳಿದೆ.

ಚಿಕಿತ್ಸೆ ಆರಂಭವಾಗಿದೆ: ಅಜಿತ್ರೊಮೈಸಿನ್, ರಿಫಾಂಪಿಸಿನ್, ಎಥಾಂಬುಟಾಲ್ ಮೂರೂ ಒಟ್ಟಿಗೆ. ಕಫದಲ್ಲಿ ಕ್ರಿಮಿ ಬೆಳೆಯುವುದು ನಿಂತ ದಿನದಿಂದ ಹನ್ನೆರಡು ತಿಂಗಳು ಮುಂದುವರಿಯಬೇಕು. ಎಥಾಂಬುಟಾಲ್ ಕಣ್ಣಿನ ನರಕ್ಕೆ ತೊಂದರೆ ಮಾಡಬಹುದಾದ್ದರಿಂದ ನಡುನಡುವೆ ಕಣ್ಣಿನ ಪರೀಕ್ಷೆಯೂ ಆಗಬೇಕು. ಅವರ ಕೋರಿಕೆಯಂತೆ ವರದಿಯ ನಕಲು ಪ್ರತಿಯಲ್ಲಿ ‘ಎಸ್’ ಎಂದಿರುವ ಎರಡು ಕಡೆ ‘ನಾಟುತ್ತದೆ’ ಎಂದೂ, ಖಾಲಿ ಇರುವ ಕಡೆಗಳಲ್ಲಿ ‘ಈ ಪರೀಕ್ಷೆಯಿಂದ ಹೇಳಲು ಬರುವುದಿಲ್ಲ, ಡಾಕ್ಟರ್ ಕೊಟ್ಟಿದ್ದರೆ ಬಿಡಬೇಡಿ’ ಎಂದೂ ಕನ್ನಡದಲ್ಲಿ ಬರೆದುಕೊಟ್ಟೆ. ಅವರು ಅದನ್ನು ಮತ್ತೆ ಅದೇ ಪ್ಲಾಸ್ಟಿಕ್ ಕವರಿನಲ್ಲಿಟ್ಟರು. ತಟ್ಟೆ ಇನ್ನೂ ಬೇರೆಯೇ ಇದೆ.